ಲೂಥರನ ನಾಡುಗಳಲ್ಲಿ ಮನೆಯೊಳಗೆ ಕೂತು ಸತ್ಯವೇದ ಓದಿದವರಿಗೆ ದಂಡವೇಕೆ?

ಕರಾವಳಿ ಓದುಗ
ಬಾಸೆಲ್ ಮಿಶನ್ನಿನವರಾಗಿ ಮಂಗಳೂರಿಗೆ ಬಂದ ಹೆಬಿಕ್, ಮೋಗ್ಲಿಂಗ್ ಮೊದಲಾದವರು ತಮ್ಮ ಊರಿನಲ್ಲಿ ಎಂಥ ಸಭೆಯಲ್ಲಿ (ಚರ್ಚಿನಲ್ಲಿ) ಬೆಳೆದವರು ಎಂದು ತಿಳಿಯುವ ಕುತೂಹಲದಿಂದ ಕೆಲವು ತಿಂಗಳಿನಿಂದ ಓದುತ್ತಿದ್ದೇನೆ. ಇಬ್ಬರೂ ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯವರು. ಅಲ್ಲಿನ ಸರ್ಕಾರ 1743ರಲ್ಲಿ ಒಂದು ಆಜ್ಞೆ ಹೊರಡಿಸಿ, ಜನರು ಮನೆಗಳಲ್ಲಿ ಸೇರಿ ಸತ್ಯವೇದ, ಅಂದರೆ ಬೈಬಲ್, ಓದಿ ಪ್ರಾರ್ಥಿಸುವುದಕ್ಕೆ ಕೆಲವು ಷರತ್ತುಗಳ ಮೇಲೆ ಅನುಮತಿ ಕೊಟ್ಟಿತು ಎಂದು ಓದಿದೆ. ಅನುಮತಿ ಕೊಡಬೇಕಾಗಿ ಬಂದಿತೆಂದರೆ ಅದಕ್ಕೆ ಮೊದಲು ಅದು ಸಲ್ಲದ ಕೆಲಸವಾಗಿತ್ತು ಎಂದಾಯಿತಲ್ಲವೇ?

ನಮ್ಮ ಮನೆಯಲ್ಲಿ ಅಜ್ಜಿಯ ಕಾಲದಿಂದಲೂ ಶುಕ್ರವಾರ ಸಂಜೆ ಪ್ರಾರ್ಥನಾ ಕೂಟ ನಡೆಯುತ್ತದೆ. ಪಕ್ಕದ ಮನೆಯಿಂದ ನಾಲ್ಕು ಕುರ್ಚಿ ತಂದು ಚಾವಡಿಯಲ್ಲಿ ಹಾಕಿ, ಎರಡು ಹಾಡು ಹಾಡಿ, ಒಂದು ಅಧ್ಯಾಯ ಓದಿ, ಚಹಾ ಕುಡಿದು ಏಳುತ್ತೇವೆ. ಇದರಿಂದ ಯಾವ ದೊರೆಗೆ ಏನು ಕಷ್ಟ? ಅದರಲ್ಲೂ 1521ರಲ್ಲಿ ವರ್ಮ್ಸ್ ನಗರದಲ್ಲಿ ಚಕ್ರವರ್ತಿಯ ಎದುರು ನಿಂತು ಆತ್ಮಸಾಕ್ಷಿಗೆ ವಿರುದ್ಧವಾಗಿ ನಡೆಯಲಾರೆ ಎಂದು ಪೋಪನ ಸಭೆಯಿಂದ ಬೇರೆಯಾದ ಲೂಥರನ ಹೆಸರಿನ ಸಭೆ ಇಂಥ ಕಾನೂನನ್ನು ಹೇಗೆ ಒಪ್ಪಿಕೊಂಡಿತು? ತಿಳಿದವರು ಹೇಳಬೇಕು.

ಹಳೆಯ ಮೇಷ್ಟ್ರು
ಒಳ್ಳೆಯ ಪ್ರಶ್ನೆ. ಆದರೆ ಪ್ರಶ್ನೆಯೊಳಗೇ ಒಂದು ತಪ್ಪು ಊಹೆ ಅಡಗಿದೆ. ಲೂಥರನು ವರ್ಮ್ಸ್‌ನಲ್ಲಿ ಹೇಳಿದ್ದು ತನ್ನ ಆತ್ಮಸಾಕ್ಷಿ ದೇವರ ವಾಕ್ಯಕ್ಕೆ ಕಟ್ಟುಬಿದ್ದಿದೆ ಎಂದು. ಪ್ರತಿಯೊಬ್ಬನೂ ತನಗೆ ತೋಚಿದಂತೆ ನಂಬಬಹುದು ಎಂದು ಅವನು ಹೇಳಲಿಲ್ಲ. ಆ ಎರಡನೆಯ ಅರ್ಥವನ್ನು ನಾವು ಬಹಳ ತಡವಾಗಿ ಅವನ ಬಾಯಿಗೆ ತುರುಕಿದ್ದೇವೆ.

ಕಾನೂನಿನ ಕಡೆಯಿಂದ ನೋಡುವುದಾದರೆ 1555ರ ಆಗ್ಸ್‌ಬರ್ಗ್ ಒಪ್ಪಂದದಿಂದ ಹೊರಡಬೇಕು. ಅದರ ಪ್ರಕಾರ ಆಯಾ ಸೀಮೆಯ ದೊರೆ ಕ್ಯಾಥೊಲಿಕ್ ಮತವನ್ನೋ ಆಗ್ಸ್‌ಬರ್ಗ್ ನಂಬಿಕೆಪತ್ರವನ್ನು, ಅಂದರೆ ಲೂಥರನ್ ಮತವನ್ನೋ ಆರಿಸಿಕೊಳ್ಳಬಹುದಾಗಿತ್ತು. ದೊರೆಯ ಆಯ್ಕೆ ಒಪ್ಪದ ಪ್ರಜೆಗೆ ಇದ್ದ ಹಕ್ಕು ಒಂದೇ: ಆಸ್ತಿ ಮಾರಿ ಊರು ಬಿಡುವುದು. ಮೂರನೆಯ ಮತಕ್ಕೆ ಜಾಗವೇ ಇರಲಿಲ್ಲ. ಪೋಪನನ್ನು ಬಿಟ್ಟ ಇನ್ನೊಂದು ಪಂಥವಾದ ಕ್ಯಾಲ್ವಿನನ ಅನುಯಾಯಿಗಳಿಗೆ ಕಾನೂನಿನ ಮಾನ್ಯತೆ ಸಿಗಲು 1648ರ ವೆಸ್ಟ್‌ಫಾಲಿಯಾ ಒಪ್ಪಂದದವರೆಗೆ ಕಾಯಬೇಕಾಯಿತು. ವಯಸ್ಕರಿಗೆ ಮಾತ್ರ ದೀಕ್ಷಾಸ್ನಾನ ಎನ್ನುತ್ತಿದ್ದ ಅನಬ್ಯಾಪ್ಟಿಸ್ಟರಿಗೆ ಆಗಲೂ ಸಿಗಲಿಲ್ಲ.

ಇನ್ನೊಂದು ವಿಷಯವನ್ನೂ ಮರೆಯಬಾರದು. ಬಿಷಪ್ಪನ ಅಧಿಕಾರ ಹೋದ ಮೇಲೆ ಆ ಜಾಗಕ್ಕೆ ದೊರೆಯೇ ಬಂದ. ಹಳ್ಳಿಯ ಪಾದ್ರಿ ಎಂದರೆ ಜನನ, ಮದುವೆ, ಮರಣಗಳ ಲೆಕ್ಕ ಬರೆಯುವವನು, ಅರಸನ ಆಜ್ಞೆಯನ್ನು ಪೀಠದಿಂದ ಓದಿ ಹೇಳುವವನು, ಒಂದರ್ಥದಲ್ಲಿ ನಮ್ಮ ಶ್ಯಾನುಭೋಗರ ಕೆಲಸವನ್ನೂ ಮಾಡುವವನು. ಅವನಿಲ್ಲದೆ ಹತ್ತು ಜನ ಸೇರಿದರೆ ಸರ್ಕಾರವಿಲ್ಲದೆ ಸೇರಿದಂತೆಯೇ ಆಗುತ್ತಿತ್ತು.

ನೇರ ಮಾತು
ಪೋಪನ ಕುರ್ಚಿಯಲ್ಲಿ ರಾಜ ಕೂತ, ಅಷ್ಟೇ ತಾನೇ? ಇದಕ್ಕೆ ಇಷ್ಟು ಸುತ್ತಿ ಬಳಸಿ ಹೇಳಬೇಕೇ?

ಹಳೆಯ ಮೇಷ್ಟ್ರು
ಅಷ್ಟೇ ಅಲ್ಲ, ಸ್ವಾಮಿ. ರಾಜ ತನಗೆ ತೋಚಿದ ಸಿದ್ಧಾಂತವನ್ನು ಸಾರುವಂತಿರಲಿಲ್ಲ. ದೇವಶಾಸ್ತ್ರಿಗಳೂ ವಕೀಲರೂ ಕೂಡಿದ್ದ ಕನ್ಸಿಸ್ಟರಿ ಎಂಬ ಮಂಡಳಿ ಅವನ ಹೆಸರಿನಲ್ಲಿ ಸಭೆಯನ್ನು ನಡೆಸುತ್ತಿತ್ತು. ಪಾದ್ರಿಗಳು ಎಷ್ಟೋ ಸಲ ದೊರೆಯನ್ನೇ ಪೀಠದಿಂದ ತರಾಟೆಗೆ ತೆಗೆದುಕೊಂಡಿದ್ದಾರೆ. 1613ರಲ್ಲಿ ಬ್ರಾಂಡೆನ್‌ಬರ್ಗಿನ ದೊರೆ ತಾನು ಕ್ಯಾಲ್ವಿನನ ಮತಕ್ಕೆ ಸೇರಿದರೂ ಪ್ರಜೆಗಳನ್ನು ತನ್ನ ಹಿಂದೆ ಕರೆದೊಯ್ಯಲಾಗಲಿಲ್ಲ. ಅವರು ಲೂಥರನ್ನರಾಗಿಯೇ ಉಳಿದರು. ಮುಂದೆ ಇದೇ ಸಂಗತಿ ಭಿನ್ನಮತೀಯರಿಗೆ ಉಪಕಾರವಾಯಿತು. ಅದನ್ನು ಆಮೇಲೆ ಹೇಳುತ್ತೇನೆ.

ಹಾಸನದವಳು
ಜರ್ಮನಿಗೆ ಬಂದು ಏಳು ವರ್ಷವಾಯಿತು. ಹೋದ ವರ್ಷ ಐಸೆನಾಖ್ ಊರಿನ ವಾರ್ಟ್‌ಬರ್ಗ್ ಕೋಟೆಗೆ ಹೋಗಿದ್ದೆ. ಲೂಥರನು 1521ರಿಂದ 22ರವರೆಗೆ ವೇಷ ಮರೆಸಿಕೊಂಡು ಅಡಗಿದ್ದು, ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದದ್ದು ಅಲ್ಲಿಯೇ. ಅವನ ಕೋಣೆಯ ಮುಂದೆ ಸಾಲು ಹಚ್ಚಿ ನಿಲ್ಲಬೇಕು. ಸೈತಾನನ ಮೇಲೆ ಮಸಿ ಕುಡಿಕೆ ಎಸೆದ ಕಲೆ ಎಲ್ಲಿದೆ ಎಂದು ಎಲ್ಲರೂ ಗೋಡೆಯನ್ನು ಹುಡುಕುತ್ತಿರುತ್ತಾರೆ. ಆ ಕಥೆ ಕಟ್ಟುಕಥೆ, ಕಲೆಯೂ ಈಗ ಇಲ್ಲ.

ಅದೇ ಕೋಟೆಯ ದಕ್ಷಿಣ ಗೋಪುರದಲ್ಲಿ ಇನ್ನೊಬ್ಬ ಇದ್ದ. ಫ್ರಿಟ್ಸ್ ಎರ್ಬೆ ಎಂಬ ರೈತ, ಹೆರ್ಡಾ ಎಂಬ ಹಳ್ಳಿಯವನು, ಅನಬ್ಯಾಪ್ಟಿಸ್ಟ್. 1533ರಲ್ಲಿ ಅವನನ್ನು ಹಿಡಿದರು. ಅವನ ಹಳ್ಳಿ ಇದ್ದ ಸೀಮೆಯನ್ನು ಸ್ಯಾಕ್ಸನಿಯ ದೊರೆಯೂ ಹೆಸ್ಸೆಯ ದೊರೆಯೂ ಜಂಟಿಯಾಗಿ ಆಳುತ್ತಿದ್ದರು. ಇಬ್ಬರೂ ಲೂಥರನ ಪಕ್ಷದವರೇ. ಸ್ಯಾಕ್ಸನಿಯವನು ತಲೆ ತೆಗೆಯಬೇಕೆಂದ. ಹೆಸ್ಸೆಯ ಫಿಲಿಪ್ ನಂಬಿಕೆಯ ಕಾರಣಕ್ಕೆ ಯಾರನ್ನೂ ಕೊಲ್ಲಲು ಒಪ್ಪಲಿಲ್ಲ. ಇಬ್ಬರು ಯಜಮಾನರ ನಡುವೆ ತೀರ್ಮಾನವಾಗದೆ ಎರ್ಬೆ ಸಾಯುವವರೆಗೂ ಸೆರೆಯಲ್ಲಿ ಉಳಿದ. ಮೊದಲು ಐಸೆನಾಖ್ ಊರೊಳಗಿನ ಗೋಪುರದಲ್ಲಿ ಇಟ್ಟಿದ್ದರು. ಜನ ಗೋಪುರದ ಬುಡಕ್ಕೆ ಬಂದು ಅವನೊಡನೆ ಮಾತನಾಡಲು ತೊಡಗಿದ್ದರಿಂದ 1540ರಲ್ಲಿ ಕೋಟೆಯ ಮೇಲಕ್ಕೆ ಸಾಗಿಸಿದರು. ಅಲ್ಲಿಯೇ 1548ರಲ್ಲಿ ಸತ್ತ. ನೆಲದಲ್ಲಿರುವ ಒಂದು ಕಿಂಡಿಯೇ ಆ ಕತ್ತಲಕೋಣೆಯ ಬಾಗಿಲು. ಮೇಲಿನಿಂದ ಹಗ್ಗ ಕಟ್ಟಿ ಇಳಿಸಬೇಕು. ಗೋಡೆಯಲ್ಲಿ ಅವನು ಕೆತ್ತಿದ್ದ ತನ್ನ ಹೆಸರು 1925ರಲ್ಲಿ ಕಣ್ಣಿಗೆ ಬಿತ್ತು. ನಾನು ಕಿಂಡಿಯಿಂದ ಬಗ್ಗಿ ನೋಡಿದೆ. ಆ ಹೊತ್ತಿನಲ್ಲಿ ಗೋಪುರದಲ್ಲಿ ನನ್ನನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

ನೇರ ಮಾತು
ಮೇಡಂ, ಮನ ಕಲಕುವ ಸಂಗತಿ, ಒಪ್ಪುತ್ತೇನೆ. ಆದರೆ ಅನಬ್ಯಾಪ್ಟಿಸ್ಟರು ಮ್ಯುನ್‌ಸ್ಟರ್ ಪಟ್ಟಣವನ್ನು ವಶಪಡಿಸಿಕೊಂಡು ಬಹುಪತ್ನಿತ್ವ, ಆಸ್ತಿ ಹಂಚಿಕೆ ಎಂದೆಲ್ಲ ನಡೆಸಿದ ಮೇಲೆ ಯಾವ ದೊರೆ ತಾನೇ ಹೆದರುವುದಿಲ್ಲ? ಅದು ಮತದ್ವೇಷವಲ್ಲ, ಶಾಂತಿಪಾಲನೆ.

ಹಾಸನದವಳು
ಮ್ಯುನ್‌ಸ್ಟರ್ ಗಲಾಟೆ ನಡೆದದ್ದು 1534 ಮತ್ತು 1535ರಲ್ಲಿ. ಎರ್ಬೆ ಸೆರೆಗೆ ಬಿದ್ದದ್ದು 1533ರಲ್ಲಿ. ಅನಬ್ಯಾಪ್ಟಿಸ್ಟರಿಗೆ ಮರಣದಂಡನೆ ಎಂಬ ಸಾಮ್ರಾಜ್ಯದ ಆಜ್ಞೆ ಹೊರಟದ್ದು 1529ರಲ್ಲಿ, ಸ್ಪೈಯರ್ ನಗರದಲ್ಲಿ. ಕ್ಯಾಥೊಲಿಕರೂ ಲೂಥರನ ಕಡೆಯವರೂ ಜಗಳವಿಲ್ಲದೆ ಒಪ್ಪಿದ ವಿಷಯ ಇದೊಂದು ಇತ್ತು ನೋಡಿ.

ನೇರ ಮಾತು
ತಾರೀಖಿನ ಮಟ್ಟಿಗೆ ಸೋತೆ. 1525ರ ರೈತ ದಂಗೆ ಮಾತ್ರ ಅದಕ್ಕೂ ಮೊದಲಿನದು, ಅದನ್ನು ಮರೆಯಬೇಡಿ. ದೊರೆಗಳ ಹೆದರಿಕೆಗೆ ಬೇರು ಅಲ್ಲಿದೆ.

ಬಡಗಣ ಕನ್ನಡಿಗ
ಸ್ವೀಡನ್ನಿನಲ್ಲಿ ಇದ್ದೇನೆ. ಮೂಲ ಪ್ರಶ್ನೆಗೆ ನನ್ನ ಮಟ್ಟಿಗೆ ಉತ್ತರ ಜರ್ಮನಿಗಿಂತ ಇಲ್ಲಿ ಚೆನ್ನಾಗಿ ಸಿಗುತ್ತದೆ, ಏಕೆಂದರೆ ಇಲ್ಲಿ ಒಂದೇ ರಾಜ್ಯ, ಒಂದೇ ಸಭೆ, ಒಂದೇ ಕಾನೂನು.

1686ರ ಸಭಾ ಕಾನೂನಿನ ಪ್ರಕಾರ ಪ್ರತಿಯೊಬ್ಬ ಪ್ರಜೆಯೂ, ಕೂಲಿಯಾಳೂ ಸೇರಿದಂತೆ, ಲೂಥರ್ ಬರೆದ ಮತಬೋಧೆಯ ಪ್ರಶ್ನೋತ್ತರಿಯನ್ನು ಕಲಿತಿರಬೇಕು ಮತ್ತು ಅಚ್ಚಾದ ಅಕ್ಷರವನ್ನು ಓದಲು ಬರಬೇಕು. ಕಲಿತದ್ದು ನಿಜವೇ ಎಂದು ಪಾದ್ರಿ ಕೇರಿ ಕೇರಿಗೆ ಬಂದು ಪರೀಕ್ಷೆ ಮಾಡುತ್ತಿದ್ದ. ಒಂದು ಮನೆಯ ದೊಡ್ಡ ಕೋಣೆಯಲ್ಲಿ ಸುತ್ತಲಿನ ಹೊಲಮನೆಗಳವರೆಲ್ಲ ಸೇರಬೇಕು. ಯಜಮಾನ, ಹೆಂಡತಿ, ಮಕ್ಕಳು, ಆಳುಗಳು ಒಬ್ಬೊಬ್ಬರಾಗಿ ಎದ್ದು ಓದಿ ತೋರಿಸಬೇಕು. ಪಾದ್ರಿಯ ಮುಂದೆ ಒಂದು ದಪ್ಪ ಪುಸ್ತಕ. ಪ್ರತಿ ಹೆಸರಿನ ಮುಂದೆ ಪುಸ್ತಕ ಓದಬಲ್ಲನೇ, ಪ್ರಶ್ನೋತ್ತರಿಯ ಯಾವ ಯಾವ ಭಾಗ ಬಾಯಿಪಾಠ, ಅರ್ಥ ತಿಳಿದಿದೆಯೇ, ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುಭೋಜನಕ್ಕೆ ಯಾವಾಗ ಬಂದಿದ್ದ ಎಂದು ಒಂದೊಂದು ಅಂಕಣ, ಅದರಲ್ಲಿ ಸಣ್ಣ ಸಣ್ಣ ಗುರುತುಗಳು. ಈ ಪುಸ್ತಕಗಳು ಇಂದಿಗೂ ಇವೆ, ವಂಶವೃಕ್ಷ ಹುಡುಕುವವರಿಗೆ ಇದೇ ದೊಡ್ಡ ಆಧಾರ. ನನ್ನ ಹೆಂಡತಿಯ ಮನೆತನದ ಒಂದು ಪುಟವನ್ನು ನಾನೇ ನೋಡಿದ್ದೇನೆ. 18ನೆಯ ಶತಮಾನದ ಒಬ್ಬ ಕೊಟ್ಟಿಗೆಯಾಳಿನ ಓದು ಎಷ್ಟರಮಟ್ಟಿನದು ಎಂದು ಇವತ್ತು ನಾನು ಕುಳಿತು ತಿಳಿಯಬಹುದು ಎಂದರೆ ನಗಬೇಕೋ ಅಂಜಬೇಕೋ ಗೊತ್ತಾಗುವುದಿಲ್ಲ.

ಇಷ್ಟೆಲ್ಲ ಓದು ಕಲಿಸಿದ ರಾಜ್ಯವೇ 1726ರ ಜನವರಿಯಲ್ಲಿ ಇನ್ನೊಂದು ಆಜ್ಞೆ ಹೊರಡಿಸಿತು. ಪಾದ್ರಿಯಿಲ್ಲದೆ ಮನೆಗಳಲ್ಲಿ ದೇವಾರಾಧನೆಗೆ ಸೇರಕೂಡದು. ಸೇರಿದರೆ ದಂಡ, ಸೆರೆ, ಮತ್ತೆ ಮತ್ತೆ ಸೇರಿದರೆ ಗಡೀಪಾರು. ಇದರಲ್ಲಿ ಒಂದು ಸೂಕ್ಷ್ಮವಿದೆ. ಮನೆಯ ಯಜಮಾನ ತನ್ನ ಹೆಂಡತಿ, ಮಕ್ಕಳು, ಆಳುಗಳನ್ನು ಕೂರಿಸಿಕೊಂಡು ಸತ್ಯವೇದ ಓದುವುದು ತಪ್ಪಲ್ಲ, ಅದು ಅವನ ಕರ್ತವ್ಯವೇ ಆಗಿತ್ತು. ಪಕ್ಕದ ಮನೆಯವನು ಬಂದು ಕೂತರೆ ಅಪರಾಧ. ಹೊಸ್ತಿಲೇ ಗೆರೆ. ಕರಾವಳಿ ಓದುಗರೇ, ನಿಮ್ಮ ಅಜ್ಜಿಯ ಚಾವಡಿಯಲ್ಲಿ ಅಪರಾಧ ಯಾವುದು ಎಂದರೆ ಪಕ್ಕದ ಮನೆಯಿಂದ ಬಂದ ಆ ನಾಲ್ಕು ಕುರ್ಚಿ.

ಕರಾವಳಿ ಓದುಗ
ಕುರ್ಚಿಯ ಮಾತು ಓದಿ ಮನೆಯಲ್ಲಿ ಎಲ್ಲರಿಗೂ ಹೇಳಿದೆ, ಅಜ್ಜಿ ಬಹಳ ನಕ್ಕರು. ಆದರೆ ಒಂದು ಕೇಳುತ್ತೇನೆ. 1686ರ ನಂತರ ನಲವತ್ತು ವರ್ಷ ಇಲ್ಲದ ಹೆದರಿಕೆ 1726ರಲ್ಲಿ ಏಕೆ ಬಂತು?

ಬಡಗಣ ಕನ್ನಡಿಗ
ಅದಕ್ಕೆ ಯುದ್ಧ ಒಂದು ಕಾರಣ. 1709ರಲ್ಲಿ ಪೊಲ್ಟಾವಾ ಕದನದಲ್ಲಿ ರಷ್ಯನ್ನರ ಕೈಗೆ ಸಾವಿರಾರು ಸ್ವೀಡಿಶ್ ಸೈನಿಕರು ಸಿಕ್ಕಿಬಿದ್ದರು, ಅನೇಕರನ್ನು ಸೈಬೀರಿಯಾಕ್ಕೆ ಕಳುಹಿಸಿದರು. ಅಲ್ಲಿ ತೊಬೊಲ್ಸ್ಕ್ ಊರಿನಲ್ಲಿ ಕೆಲವು ಅಧಿಕಾರಿಗಳು ಸೋಲಿನ ದುಃಖದಲ್ಲಿ ಸತ್ಯವೇದ ಹಿಡಿದರು, ಜರ್ಮನಿಯ ಹಾಲೆ ಊರಿನಲ್ಲಿ ಭಕ್ತಿಪಂಥದ (ಸಿದ್ಧಾಂತದ ಜಗಳಕ್ಕಿಂತ ಹೃದಯದ ಭಕ್ತಿ ದೊಡ್ಡದು ಎನ್ನುವ ಪಂಥದ) ಗುರುವಾಗಿದ್ದ ಫ್ರಾಂಕೆಗೆ ಪತ್ರ ಬರೆದರು, ಅವನಿಂದ ಪುಸ್ತಕವೂ ಹಣವೂ ಬಂತು, ಒಂದು ಶಾಲೆಯನ್ನೂ ತೆರೆದರು. 1721ರಲ್ಲಿ ಶಾಂತಿಯಾದ ಮೇಲೆ ಇವರೆಲ್ಲ ಊರಿಗೆ ಮರಳಿದರು. ಹತ್ತು ಹನ್ನೆರಡು ವರ್ಷ ಪಾದ್ರಿಯ ಅಪ್ಪಣೆಗೆ ಕಾಯದೆ ಸೇರಿ ಪ್ರಾರ್ಥಿಸಿ ರೂಢಿಯಾದವರು ಮನೆಗೆ ಬಂದು ಸುಮ್ಮನಿರುತ್ತಾರೆಯೇ? ಇದೊಂದೇ ಕಾರಣವೆಂದು ನಾನು ಹೇಳುವುದಿಲ್ಲ, ಆದರೆ ಕೂಟಗಳು ಹೆಚ್ಚಿದ್ದಕ್ಕೆ ಇದು ದೊಡ್ಡ ಕಾರಣ.

ಅಕ್ಷರಪ್ರಿಯ
ಓದು ಕಡ್ಡಾಯ, ಕೂಡಿ ಓದುವುದು ಅಪರಾಧ!

ಹಳೆಯ ಮೇಷ್ಟ್ರು
ಅಕ್ಷರಪ್ರಿಯರೇ, ಒಂದೇ ಸಾಲಿನಲ್ಲಿ ಹೇಳಿಬಿಟ್ಟಿರಿ. ಇಂಥವರನ್ನು ಸ್ವೀಡನ್ನಿನಲ್ಲಿ ಜನ ಕರೆದ ಹೆಸರೇ 'ಓದುಗರು' ಎಂದು. ಅದು ಬೈಗುಳವಾಗಿತ್ತು. ನಮ್ಮ ಕರಾವಳಿ ಓದುಗರು ಅಲ್ಲಿದ್ದಿದ್ದರೆ ಹೆಸರಿನಿಂದಲೇ ಸಿಕ್ಕಿಬೀಳುತ್ತಿದ್ದರು.

ಸಂಶಯಿ
ನೀವೆಲ್ಲ ಇವರನ್ನು ಚಹಾ ಕುಡಿದು ಏಳುವ ಸಾಧುಗಳಂತೆ ಚಿತ್ರಿಸುತ್ತಿದ್ದೀರಿ. ಸ್ವೀಡನ್ನಿನ ಆಳ್ವಿಕೆಯಲ್ಲಿದ್ದ ಫಿನ್ಲೆಂಡಿನ ತುರ್ಕು ನಗರದಲ್ಲಿ ಲಾರ್ಸ್ ಉಲ್ಸ್ತಾಡಿಯಸ್ ಎಂಬ ಪಾದ್ರಿ 1688ರ ಜುಲೈ 22ರಂದು ಮಾಡಿದ್ದನ್ನೂ ನೋಡಿ. ದೊಡ್ಡ ಗುಡಿಯಲ್ಲಿ (ಚರ್ಚಿನಲ್ಲಿ) ಆರಾಧನೆ ನಡೆಯುತ್ತಿರುವಾಗ ಹರಕು ಬಟ್ಟೆಯಲ್ಲಿ ಎದ್ದು ನಿಂತು, ಪಾದ್ರಿಗಳ ಬೋಧನೆಯೆಲ್ಲ ಸುಳ್ಳು ಎಂದು ತನ್ನ ಬರಹವನ್ನು ಕೂಗಿ ಓದಿದ. ಹೊರಗೆಳೆಯುವ ಗದ್ದಲದಲ್ಲಿ ಬಟ್ಟೆ ಕಳಚಿ ಸಭೆಯ ಮುಂದೆ ಬೆತ್ತಲಾಗಿ ನಿಂತ. ಇಂಥವನನ್ನು ಇವತ್ತಿನ ಸರ್ಕಾರವೂ ಹಿಡಿದುಕೊಂಡು ಹೋಗುತ್ತದೆ.

ಬಡಗಣ ಕನ್ನಡಿಗ
ಹಿಡಿದುಕೊಂಡು ಹೋಗುತ್ತದೆ, ಸರಿ. ಆದರೆ ಮರಣದಂಡನೆ ವಿಧಿಸುತ್ತದೆಯೇ? ಉಲ್ಸ್ತಾಡಿಯಸ್‌ಗೆ ಮೊದಲು ಬಂದ ತೀರ್ಪು ಅದು. ಆಮೇಲೆ ಜೀವಾವಧಿ ಸೆರೆಗೆ ಇಳಿಸಿ ಸ್ಟಾಕ್‌ಹೋಮಿಗೆ ತಂದರು, ಅವನು ಸತ್ತದ್ದು 1732ರಲ್ಲಿ. ಒಂದು ಮುಂಜಾನೆಯ ಗದ್ದಲಕ್ಕೆ ನಲವತ್ತು ವರ್ಷ ದಾಟಿದ ಶಿಕ್ಷೆ. ಅದೂ ಅಲ್ಲದೆ 1726ರ ಆಜ್ಞೆಗೆ ಗುರಿಯಾದವರಲ್ಲಿ ಬಹುಪಾಲು ಜನ ಉಲ್ಸ್ತಾಡಿಯಸ್‌ನಂಥವರಲ್ಲ. ಭಾನುವಾರ ಗುಡಿಗೆ ಹೋಗಿ, ಪ್ರಭುಭೋಜನ ತೆಗೆದುಕೊಂಡು, ಸಾಯಂಕಾಲ ಮನೆಯಲ್ಲಿ ಮತ್ತೊಮ್ಮೆ ಅದೇ ಪುಸ್ತಕ ಓದಿದವರು.

ಸಂಶಯಿ
ಎಲ್ಲರೂ ಅಲ್ಲ. ಸಭೆಯನ್ನೇ ಬಾಬೆಲ್, ಅಂದರೆ ಸತ್ಯವೇದದಲ್ಲಿ ಬರುವ ಕೆಟ್ಟ ನಗರ, ಎಂದು ಕರೆದು ಪ್ರಭುಭೋಜನ ಬಿಟ್ಟವರೂ ಇದ್ದರು. ಎರಡು ಬಗೆಯವರನ್ನೂ ಒಂದೇ ಗಾಣಕ್ಕೆ ಕಟ್ಟುವುದು ಸರಿಯಲ್ಲ.

ಬಡಗಣ ಕನ್ನಡಿಗ
ಅದನ್ನು ಒಪ್ಪುತ್ತೇನೆ. ಎರಿಕ್‌ಸನ್ ಸಹೋದರರು, ಯಾಕೋಬ್ ಮತ್ತು ಎರಿಕ್, ಅಂಥವರೇ. ಫಿನ್ಲೆಂಡಿನ ಸ್ವೀಡಿಶ್ ಮಾತನಾಡುವ ಕರಾವಳಿಯವರು. ಗುಡಿಗೆ ಬರುವುದಿಲ್ಲ ಎಂದು ಹಟ ಹಿಡಿದು 1734ರಲ್ಲಿ ಗಡೀಪಾರಾಗಿ, ತಮ್ಮ ಮನೆಮಂದಿ ಮತ್ತು ಹಿಂಬಾಲಕರೊಡನೆ ಹಡಗು ಹತ್ತಿ ಹನ್ನೊಂದು ವರ್ಷ ಊರೂರು ಅಲೆದರು. ಕೊನೆಗೆ ಸ್ವೀಡನ್ನಿಗೇ ಮರಳಿ ಸ್ಟಾಕ್‌ಹೋಮ್ ಹತ್ತಿರದ ಸ್ಕೆವಿಕ್ ಎಂಬಲ್ಲಿ ನೆಲೆಸಿದರು. ಅಲ್ಲಿ ಅವರ ತಂಟೆಗೆ ಹೆಚ್ಚು ಯಾರೂ ಹೋಗಲಿಲ್ಲ. ಕಾನೂನು ಅದೇ ಇತ್ತು, ಜಾರಿಗೆ ತರುವವರ ಹುರುಪು ಇಳಿದಿತ್ತು.

ಅಕ್ಷರಪ್ರಿಯ
ಚಮ್ಮಾರ ಯಾಕೋಬ್ ಬೋಮೆಯ ಹೆಸರು ಇನ್ನೂ ಬಂದಿಲ್ಲವೆಂದು ನಾನು ಸೇರಿಸುತ್ತೇನೆ. ಗೊರ್ಲಿಟ್ಸ್ ಪಟ್ಟಣದಲ್ಲಿ ಜೋಡು ಹೊಲಿಯುತ್ತಿದ್ದ. 1600ರಲ್ಲಿ ಒಂದು ತವರದ ತಟ್ಟೆಯ ಮೇಲೆ ಬಿಸಿಲು ಹೊಳೆದದ್ದನ್ನು ಕಂಡು ಲೋಕದ ಒಳಗುಟ್ಟು ತಿಳಿಯಿತೆಂದು ಅವನ ಕಥೆ. 1612ರಲ್ಲಿ ಒಂದು ಪುಸ್ತಕ ಬರೆದ. ಅಚ್ಚಾಗಲಿಲ್ಲ, ಕೈಯಿಂದ ಕೈಗೆ ನಕಲು ಹೋಯಿತು. ಮರುವರ್ಷ ಊರಿನ ಹಿರಿಯ ಪಾದ್ರಿ ಗ್ರೆಗೊರ್ ರಿಖ್ಟರ್ ಪೀಠದಿಂದ ಅವನನ್ನು ಬೈದ. ಪುರಸಭೆ ಹಸ್ತಪ್ರತಿಯನ್ನು ಕಿತ್ತುಕೊಂಡು, ಇನ್ನು ಬರೆಯಬೇಡ, ಜೋಡು ಹೊಲಿ ಎಂದಿತು. ಕೆಲವು ವರ್ಷ ಸುಮ್ಮನಿದ್ದ. ಆಮೇಲೆ ತಡೆಯಲಾಗದೆ ರಾಶಿ ರಾಶಿ ಬರೆದ. 1624ರಲ್ಲಿ ಮತ್ತೆ ಗಲಾಟೆ, ಅದೇ ವರ್ಷ ಆಗಸ್ಟಿನಲ್ಲಿ ರಿಖ್ಟರ್ ಸತ್ತ, ನವೆಂಬರಿನಲ್ಲಿ ಬೋಮೆ. ಬೋಮೆಯ ಗೋರಿಯ ಮೇಲೆ ಗೆಳೆಯರು ನಿಲ್ಲಿಸಿದ ಶಿಲುಬೆಯನ್ನು ಊರಿನವರು ಕೆಡಿಸಿದರು.

ಇವನು ಕೂಟ ಕಟ್ಟಲಿಲ್ಲ, ಗುಡಿ ಬಿಡಲಿಲ್ಲ, ದಂಗೆ ಎಬ್ಬಿಸಲಿಲ್ಲ. ಬರೆದದ್ದೊಂದೇ ತಪ್ಪು. ಹಾಗಾಗಿ ಎಲ್ಲವನ್ನೂ ಶಾಂತಿಪಾಲನೆ ಎನ್ನುವ ನೇರ ಮಾತಿನವರಿಗೆ ಇದನ್ನು ಒಪ್ಪಿಸುತ್ತೇನೆ.

ನೇರ ಮಾತು
ಒಪ್ಪಿಸಿಕೊಂಡೆ. ಆದರೆ ಪುರಸಭೆ ಕಿತ್ತುಕೊಂಡದ್ದು ಪುಸ್ತಕವನ್ನು, ತಲೆಯನ್ನಲ್ಲ. ಬೇರೆ ಕಡೆ ಅದೇ ಕಾಲದಲ್ಲಿ ಸುಡುತ್ತಿದ್ದರು.

ಮಲೆನಾಡಿನ ಅಕ್ಕ
ಇಲ್ಲಿಯವರೆಗೆ ಬಂದವರೆಲ್ಲ ಗಂಡಸರೇ. ಯೊಹಾನ್ನಾ ಎಲಿಯೊನೊರಾ ಪೀಟರ್ಸನ್ ಹೆಸರನ್ನು ಯಾರೂ ಹೇಳಲಿಲ್ಲವಲ್ಲ? ಫ್ರಾಂಕ್‌ಫರ್ಟಿನಲ್ಲಿ ಷ್ಪೇನರ್ ಎಂಬ ಪಾದ್ರಿ 1670ರಲ್ಲಿ ಮನೆಕೂಟ ಆರಂಭಿಸಿದ್ದು, 1675ರಲ್ಲಿ ಅದರ ಪರವಾಗಿ ಪುಸ್ತಕ ಬರೆದದ್ದು ಎಲ್ಲರಿಗೂ ಗೊತ್ತು. ಅವನ ಕೂಟದಲ್ಲಿ ಹೆಂಗಸರು ಬಾಯಿ ಬಿಡುವಂತಿರಲಿಲ್ಲ. ಅದೇ ಊರಿನ ಸಾಲ್‌ಹೋಫ್ ಎಂಬ ಮನೆಯಲ್ಲಿ ಸೇರುತ್ತಿದ್ದ ಇನ್ನೊಂದು ಗುಂಪಿನಲ್ಲಿ ಈ ಹೆಂಗಸು ಮುಂದಾಳು. ಮುಂದೆ ಪುಸ್ತಕಗಳನ್ನು ಬರೆದು ತಮ್ಮ ಹೆಸರಿನಲ್ಲೇ ಅಚ್ಚು ಹಾಕಿಸಿದರು, ಅದರಲ್ಲಿ ತಮ್ಮ ಜೀವನಕಥೆಯೂ ಒಂದು. ಗಂಡ ಲ್ಯುನೆಬರ್ಗಿನಲ್ಲಿ ಪಾದ್ರಿಗಳ ಮೇಲ್ವಿಚಾರಕನಾಗಿದ್ದ. ದಂಪತಿಗಳ ಬೋಧನೆಯ ಕಾರಣಕ್ಕೆ 1692ರಲ್ಲಿ ಆ ಕೆಲಸ ಹೋಯಿತು.

ಸಭೆಯಲ್ಲಿ ಹೆಂಗಸರು ಮೌನವಾಗಿರಬೇಕೆಂದು ಪೌಲನ ಪತ್ರ ತೋರಿಸುತ್ತಿದ್ದವರಿಗೆ ಮನೆಯ ಕೋಣೆ ಸಭೆಯೋ ಅಲ್ಲವೋ ಎಂಬುದೇ ದೊಡ್ಡ ತಲೆನೋವಾಗಿತ್ತು. ಸಭೆ ಎಂದರೆ ಪಾದ್ರಿ ಬೇಕು. ಅಲ್ಲ ಎಂದರೆ ಹೆಂಗಸು ಮಾತಾಡಬಹುದು. ಎರಡು ಕಡೆಯಿಂದಲೂ ಸಿಕ್ಕು. ನಮ್ಮೂರಿನ ಒಂದು ಸಭೆಯಲ್ಲಿ ಹೆಂಗಸರ ಕೂಟ ನಡೆಸುತ್ತಿದ್ದ ನನಗೆ, ಪ್ರಸಂಗದ ವಿಷಯವನ್ನು ಮೊದಲೇ ಬರೆದು ತೋರಿಸಿ ಎಂದು ಹಿರಿಯರೊಬ್ಬರು ಹೇಳಿದ್ದು ನೆನಪಾಯಿತು. ತೋರಿಸಲಿಲ್ಲ. ದಂಡವನ್ನೂ ಹಾಕಲಿಲ್ಲ.

ಉಪ್ಪಿನಕಾಯಿ ಭರಣಿ
ನೀವೆಲ್ಲ ದೇವಶಾಸ್ತ್ರ ಹಿಡಿದು ಹೊರಟಿದ್ದೀರಿ, ನಾನು ಉಪ್ಪು ಹಿಡಿದು ಬರುತ್ತೇನೆ. ಡೆನ್ಮಾರ್ಕಿನ ರಾಜನ ಕೈಕೆಳಗಿದ್ದ ನಾರ್ವೆಯಲ್ಲಿ 1741ರ ಕೂಟ ನಿಷೇಧದ ಆಜ್ಞೆ ಇತ್ತು. ಸ್ವೀಡನ್ನಿನದಕ್ಕಿಂತ ಸ್ವಲ್ಪ ಮೆದು: ಪಾದ್ರಿಗೆ ತಿಳಿಸಿ ಅವನ ಕಣ್ಣಳತೆಯಲ್ಲಿ ಸೇರಬಹುದು, ಆದರೆ ಊರಿಂದ ಊರಿಗೆ ತಿರುಗಿ ಬೋಧಿಸಕೂಡದು. ಹಾನ್ಸ್ ನೀಲ್ಸನ್ ಹೌಗೆ ಎಂಬ ರೈತನ ಮಗ 1796ರ ಏಪ್ರಿಲ್ 5ರಂದು ಹೊಲ ಉಳುತ್ತಿದ್ದಾಗ ದೈವಾನುಭವವಾಗಿ, ಆ ಮೇಲೆ ನಾರ್ವೆಯ ಉದ್ದಗಲ ಕಾಲ್ನಡಿಗೆಯಲ್ಲಿ ತಿರುಗಿದ. ನಡೆಯುವಾಗಲೂ ಕೈಯಲ್ಲಿ ಹೆಣಿಗೆ ಇರುತ್ತಿತ್ತಂತೆ. ಹೋದಲ್ಲೆಲ್ಲ ಬೋಧನೆಯ ಜೊತೆಗೆ ಕಾಗದದ ಗಿರಣಿ, ವ್ಯಾಪಾರ, ಮೀನುಗಾರಿಕೆ ಎಂದು ಜನರನ್ನು ದುಡಿಮೆಗೆ ಹಚ್ಚಿದ. 1804ರಲ್ಲಿ ಹಿಡಿದು ಸೆರೆಗೆ ಹಾಕಿದರು, ತೀರ್ಪೇ ಇಲ್ಲದೆ ವರ್ಷಗಟ್ಟಲೆ ಕೊಳೆಯಿತು ಪ್ರಕರಣ.

1809ರಲ್ಲಿ ಆದದ್ದು ಇನ್ನೂ ಸೊಗಸು. ನೆಪೋಲಿಯನ್ನನ ಯುದ್ಧದಲ್ಲಿ ಇಂಗ್ಲಿಷರು ಸಮುದ್ರಕ್ಕೆ ಬೇಲಿ ಹಾಕಿದ್ದರಿಂದ ನಾರ್ವೆಯಲ್ಲಿ ಉಪ್ಪಿಲ್ಲ. ಉಪ್ಪಿಲ್ಲವೆಂದರೆ ಮೀನು ಕೆಡುತ್ತದೆ. ಆಗ ಸರ್ಕಾರಕ್ಕೆ ಈ ಕೈದಿಯ ನೆನಪಾಯಿತು. ಹೊರಗೆ ಬಿಟ್ಟು ಕರಾವಳಿಯಲ್ಲಿ ಉಪ್ಪು ಕಾಯಿಸುವ ಭಟ್ಟಿಗಳನ್ನು ಹಾಕಿಸಿದರು. ಕೆಲಸ ಮುಗಿದ ಮೇಲೆ ಮತ್ತೆ ಒಳಗೆ! 1811ರಲ್ಲಿ ಬಿಡುಗಡೆ, 1813ರಲ್ಲಿ ಎರಡು ವರ್ಷದ ಶಿಕ್ಷೆ, ಮೇಲ್ಮನವಿಯಲ್ಲಿ 1814ರಲ್ಲಿ ಅದು ಸಾವಿರ ರಿಕ್ಸ್‌ಡಾಲರ್ ದಂಡಕ್ಕೆ ಇಳಿಯಿತು. ನನ್ನ ವಾದವಿಷ್ಟೇ: ಇವನ ಮೇಲೆ ಸಿಟ್ಟು ಬಂದದ್ದು ಬೋಧನೆಗಲ್ಲ. ಪಟ್ಟಣದ ವ್ಯಾಪಾರಿಗಳ ಹೊಟ್ಟೆಗೆ ಕೈ ಹಾಕಿದ್ದಕ್ಕೆ.

ಹಳೆಯ ಮೇಷ್ಟ್ರು
ಭರಣಿಯವರೇ, ಹೊಟ್ಟೆಕಿಚ್ಚು ಇದ್ದದ್ದು ನಿಜ. ಆದರೆ ದೂರು ಬರೆದು ಕೊಪನ್‌ಹೇಗನ್ನಿಗೆ ಕಳುಹಿಸಿದವರಲ್ಲಿ ಪಾದ್ರಿಗಳೂ ಬಿಷಪ್ಪರೂ ಇದ್ದರು, ಶಿಕ್ಷೆಗೆ ಆಧಾರವಾದದ್ದು 1741ರ ಆಜ್ಞೆಯೇ. ರೈತನೊಬ್ಬ ಪುಸ್ತಕ ಅಚ್ಚು ಹಾಕಿಸುತ್ತಾನೆ, ಅದನ್ನು ಸಾವಿರಾರು ರೈತರು ಓದುತ್ತಾರೆ, ಒಂದೂರಿನವರು ಇನ್ನೊಂದೂರಿನವರಿಗೆ ಪತ್ರ ಬರೆಯುತ್ತಾರೆ. ಈ ಜಾಲ ಅಧಿಕಾರಿಗಳ ಕೈ ಮೀರಿ ಬೆಳೆದಿತ್ತು. ದುಡ್ಡು ಒಂದು ಕಡೆ, ಬೋಧನೆ ಒಂದು ಕಡೆ ಎಂದು ಸೀಳಲು ಬರುವುದಿಲ್ಲ. ಹೌಗೆಯೇ ಸೀಳಿರಲಿಲ್ಲ.

ಉಪ್ಪಿನಕಾಯಿ ಭರಣಿ
ಮೇಷ್ಟ್ರೇ, ಮೊದಲ ಅರ್ಧ ಒಪ್ಪಿದೆ. ಉಳಿದರ್ಧಕ್ಕೆ ಇನ್ನೂ ನೆನೆಯಬೇಕು.

ತಂಜಾವೂರು ಕನ್ನಡಿಗ
ಡೆನ್ಮಾರ್ಕಿನ ರಾಜನ ಮಾತು ಬಂದದ್ದರಿಂದ ನಮ್ಮ ಕಡೆಯ, ಆಗ ಡೆನ್ಮಾರ್ಕಿನವರ ಕೈಯಲ್ಲಿದ್ದ ತರಂಗಂಬಾಡಿಯನ್ನು ಹೇಳದೆ ಇರಲಾರೆ. 1706ರ ಜುಲೈ 9ರಂದು ಅಲ್ಲಿ ಇಳಿದ ಮಿಶನರಿಗಳಾದ ತ್ಸೀಗೆನ್‌ಬಾಲ್ಗ್ ಮತ್ತು ಪ್ಲ್ಯುಟ್‌ಶೌ ಹಾಲೆಯ ಭಕ್ತಿಪಂಥದ ಪ್ರಭಾವದವರು. ಕಳುಹಿಸಿದವನು ರಾಜನೇ ಆದರೂ ಕೋಟೆಯ ಅಧಿಕಾರಿಗೆ ಇವರು ಕಣ್ಣಿನ ಕಸ. ತ್ಸೀಗೆನ್‌ಬಾಲ್ಗ್‌ನನ್ನು 1708ರ ಕೊನೆಯಲ್ಲಿ ಹಿಡಿದು ನಾಲ್ಕು ತಿಂಗಳು ಸೆರೆಯಲ್ಲಿಟ್ಟ. ತಮಿಳಿನ ಹೊಸ ಒಡಂಬಡಿಕೆ ಅಚ್ಚಾಗಿ ಮುಗಿದದ್ದು 1715ರಲ್ಲಿ.

ಇದರ ಮುಂದಿನ ಅಧ್ಯಾಯ ತಿಳಿದವರು ಕಡಿಮೆ. 1760ರಲ್ಲಿ, ಭಕ್ತಿಪಂಥದ ಇನ್ನೊಂದು ಕವಲಾದ ಹೆರ್ನ್‌ಹೂಟ್ ಪಂಥದ ಸಹೋದರರು ಅದೇ ತರಂಗಂಬಾಡಿಗೆ ಬಂದು ಊರ ಹೊರಗೆ ತೋಟ ಮಾಡಿಕೊಂಡರು. ಅವರ ನಾಯಕ ಝಿನ್‌ಜೆನ್‌ಡಾರ್ಫ್ ತನ್ನ ಸ್ಯಾಕ್ಸನಿಯಿಂದ 1736ರಲ್ಲಿ ಗಡೀಪಾರಾಗಿ ಹನ್ನೊಂದು ವರ್ಷ ಹೊರಗಿದ್ದವನು. ಇವರನ್ನು ಕಂಡು ಹೆಚ್ಚು ಉರಿದುಬಿದ್ದವರು ಯಾರೆಂದರೆ ಹಾಲೆಯ ಮಿಶನರಿಗಳು. ನಿನ್ನೆ ಕೂಟ ಮಾಡಿ ಬೈಸಿಕೊಂಡವರ ಮೊಮ್ಮಕ್ಕಳು ಇವತ್ತು ಇನ್ನೊಬ್ಬರ ಕೂಟಕ್ಕೆ ಅಡ್ಡ ನಿಂತರು.

ನೇರ ಮಾತು
ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ.

ನಿರ್ವಾಹಕ
ಇಂದಿನ ಮತಾಂತರ ಕಾಯ್ದೆಗಳ ಬಗ್ಗೆ ಬಂದಿದ್ದ ಮೂರು ಪ್ರತಿಕ್ರಿಯೆಗಳನ್ನು ಬೇರೆ ಚರ್ಚೆಗೆ ಸಾಗಿಸಲಾಗಿದೆ. ದಯವಿಟ್ಟು ಇಲ್ಲಿ ಲೂಥರನ್ ನಾಡುಗಳ ವಿಷಯವನ್ನೇ ಮುಂದುವರಿಸಿ.

ಹಳೆಯ ಮೇಷ್ಟ್ರು
ಹಾಲೆ ಎಂದಾಗ ನಾನು ಉಳಿಸಿಕೊಂಡಿದ್ದ ಬಾಕಿ ತೀರಿಸುತ್ತೇನೆ. 1689ರಲ್ಲಿ ಫ್ರಾಂ‌ಕೆ ಲೈಪ್‌ಜಿಗ್‌ನಲ್ಲಿ ವಿದ್ಯಾರ್ಥಿಗಳನ್ನು ಸೇರಿಸಿ ಸತ್ಯವೇದ ಓದಿಸಿದ. ಊರಿನ ಜನರೂ ಬಂದು ಕೂರತೊಡಗಿದರು. 1690ರಲ್ಲಿ ಸ್ಯಾಕ್ಸನಿ ಇಂಥ ಕೂಟಗಳನ್ನು ನಿಷೇಧಿಸಿತು. ಅವನು ಎರ್ಫರ್ಟಿಗೆ ಹೋದ, 1691ರಲ್ಲಿ ಅಲ್ಲಿಂದಲೂ ಹೊರದಬ್ಬಿದರು. ಕೊನೆಗೆ ಅವನಿಗೆ ಜಾಗ ಕೊಟ್ಟದ್ದು ಬ್ರಾಂಡೆನ್‌ಬರ್ಗ್. ಏಕೆ? ಅಲ್ಲಿನ ದೊರೆ ಕ್ಯಾಲ್ವಿನನ ಮತದವನು, ಪ್ರಜೆಗಳು ಲೂಥರನ್ನರು, ಪೀಠದಿಂದ ಬೈಯುವ ಕಟ್ಟಾ ಪಾದ್ರಿಗಳಿಂದ ಅವನು ಬೇಸತ್ತಿದ್ದ. ಸಿದ್ಧಾಂತದ ಜಗಳಕ್ಕಿಂತ ಹೃದಯದ ಭಕ್ತಿ ದೊಡ್ಡದು ಎನ್ನುವ ಪಾದ್ರಿಗಳು ಅವನಿಗೆ ಬೇಕಾಗಿದ್ದರು. 1694ರಲ್ಲಿ ಹಾಲೆಯಲ್ಲಿ ವಿಶ್ವವಿದ್ಯಾಲಯವೇ ಆರಂಭವಾಯಿತು. ಸ್ಯಾಕ್ಸನಿಯಲ್ಲಿ ಭಿನ್ನಮತೀಯನಾದವನು ಕೆಲವು ಮೈಲಿ ಆಚೆ ರಾಜಾಶ್ರಯದ ಗುರು. ಗಡಿ ದಾಟಿದ್ದಷ್ಟೇ ವ್ಯತ್ಯಾಸ.

ಇನ್ನು ಮೂಲ ಪ್ರಶ್ನೆಯ ವ್ಯುರ್ಟೆಂಬರ್ಗ್. 1743ರ ಆಜ್ಞೆ ನಿಷೇಧಿಸುವ ಬದಲು ಒಳಗೆ ಸೇರಿಸಿಕೊಂಡಿತು. ಕೂಟ ಸಣ್ಣದಿರಬೇಕು, ಪಾದ್ರಿಗೆ ಗೊತ್ತಿರಬೇಕು, ಆರಾಧನೆಯ ಹೊತ್ತಿನಲ್ಲಿ ಅಥವಾ ರಾತ್ರಿ ಬಹಳ ಹೊತ್ತು ನಡೆಯಬಾರದು, ಹೊರಗಿನವರು ಬಂದು ಮುಂದಾಳತ್ವ ವಹಿಸಬಾರದು. ಅಲ್ಲಿನ ಜನ ಈ ಕೂಟವನ್ನು 'ಷ್ಟುಂಡೆ' ಎನ್ನುತ್ತಾರೆ, ಅಂದರೆ ಬರೀ 'ಗಂಟೆ'. ಒಪ್ಪಂದ ಬಹುಪಾಲು ಜನರನ್ನು ಸಭೆಯೊಳಗೆ ಉಳಿಸಿತು. ಉಳಿಯದವರೂ ಇದ್ದರು. ಇಪ್ಟಿಂಗೆನ್ ಹಳ್ಳಿಯ ನೇಕಾರ ಗಿಯೋರ್ಗ್ ರಾಪ್ 1785ರಲ್ಲಿ ಗುಡಿ ಬಿಟ್ಟು, 1803ರಲ್ಲಿ ಅಮೆರಿಕಕ್ಕೆ ಹೊರಟ; ಹಿಂಬಾಲಕರು ನೂರಾರು ಜನ ಮರುವರ್ಷ ಹಡಗು ಹತ್ತಿದರು. ಇನ್ನು ಕೆಲವರು 1817ರಲ್ಲಿ ಕಾಕಸಸ್ ಕಡೆ ಹೋದರು. ದುಡಿಯುವ ಕೈಗಳೆಲ್ಲ ಊರು ಬಿಡುತ್ತಿವೆ ಎಂದು ಕಂಡ ಅರಸ 1819ರಲ್ಲಿ ಕೊರ್ನ್‌ಟಾಲ್ ಎಂಬಲ್ಲಿ ಅವರಿಗೇ ಪ್ರತ್ಯೇಕ ಸಭೆ ಕಟ್ಟಿಕೊಳ್ಳಲು ಬಿಟ್ಟ. ಭರಣಿಯವರೇ, ಈ ಒಂದು ಕಡೆ ದುಡ್ಡಿನ ವಾದ ನಿಮ್ಮದೇ.

ಉಪ್ಪಿನಕಾಯಿ ಭರಣಿ
ಸಾಲ ತೀರಿತು.

ಹಾಸನದವಳು
ಗಡಿ ಎಂದಾಗ ನೆನಪಾಯಿತು. ಹ್ಯಾಂಬರ್ಗ್ ಕಟ್ಟಾ ಲೂಥರನ್ ನಗರವಾಗಿದ್ದ ಕಾಲದಲ್ಲಿ ಪಕ್ಕದಲ್ಲೇ ಬೇರೆ ದೊರೆಯ ಕೈಕೆಳಗಿದ್ದ ಆಲ್ಟೊನಾದಲ್ಲಿ ಕ್ಯಾಥೊಲಿಕರಿಗೂ ಅನಬ್ಯಾಪ್ಟಿಸ್ಟರ ಒಂದು ಕವಲಾದ ಮೆನ್ನೊನೈಟರಿಗೂ ಆರಾಧನೆಯ ಅವಕಾಶವಿತ್ತು. ಅದರ ನೆನಪಿಗೆ ಅಲ್ಲಿನ ಬೀದಿಯ ಹೆಸರೇ 'ದೊಡ್ಡ ಸ್ವಾತಂತ್ರ್ಯ'. ಇವತ್ತು ಆ ಬೀದಿ ಹೆಸರಾಗಿರುವುದು ರಾತ್ರಿಯ ಮೋಜಿಗೆ. ನಡುವೆ ಒಂದು ಕ್ಯಾಥೊಲಿಕ್ ಗುಡಿ ಈಗಲೂ ನಿಂತಿದೆ. ಅಲ್ಲಿಗೆ ಬರುವವರಲ್ಲಿ ಯಾರಿಗೂ ಇದು ಯಾವ ಸ್ವಾತಂತ್ರ್ಯವೆಂದು ಗೊತ್ತಿದ್ದಂತೆ ಕಾಣಲಿಲ್ಲ.

ಮಲೆನಾಡಿನ ಅಕ್ಕ
ಸ್ವೀಡನ್ನಿನ ಆ ಕಾನೂನು ಯಾವಾಗ ಹೋಯಿತು, ಬಡಗಣದವರೇ?

ಬಡಗಣ ಕನ್ನಡಿಗ
ಅಕ್ಕ, 1726ರ ಆಜ್ಞೆ ರದ್ದಾದದ್ದು 1858ರಲ್ಲಿ. ಅದೇ ವರ್ಷ ಕ್ಯಾಥೊಲಿಕ್ ಮತಕ್ಕೆ ಸೇರಿದರೆಂದು ಆರು ಜನ ಹೆಂಗಸರನ್ನು ದೇಶದಿಂದ ಹೊರಹಾಕಿದರು, ಯುರೋಪಿನಲ್ಲೆಲ್ಲ ಗುಲ್ಲಾಯಿತು. ಬೇರೆ ಸಭೆಗೆ ಸೇರಲು 1860ರಲ್ಲಿ ದಾರಿ ಬಿಟ್ಟರು. ಯಾವ ಸಭೆಗೂ ಸೇರದೆ ಸುಮ್ಮನೆ ಹೊರಗಿರುವ ಹಕ್ಕು ಬಂದದ್ದು 1951ರಲ್ಲಿ. ನಮ್ಮ ಸಂವಿಧಾನ ಜಾರಿಗೆ ಬಂದ ಮರುವರ್ಷ ಎಂದು ಇಲ್ಲಿನ ಗೆಳೆಯರಿಗೆ ಹೇಳಿದರೆ ನಂಬುವುದಿಲ್ಲ.

ಕರಾವಳಿ ಓದುಗ
ಎಲ್ಲರಿಗೂ ವಂದನೆಗಳು. ಹಾಗಾದರೆ ಮೋಗ್ಲಿಂಗ್ ತಲೆಮಾರು ಸರ್ಕಾರದ ಒಪ್ಪಿಗೆ ಪಡೆದ 'ಗಂಟೆ'ಗಳ ನೆರಳಿನಲ್ಲಿ ಬೆಳೆದದ್ದು ಎಂದಾಯಿತು. ಹೆದರಿ ಓಡಿ ಬಂದವರಲ್ಲ. ನನ್ನ ಊಹೆ ತಪ್ಪಿತ್ತು.

ಹಳೆಯ ಮೇಷ್ಟ್ರು
ಹೌದು. ಇನ್ನೊಂದು ತಾರೀಖನ್ನು ನಿಮ್ಮ ಟಿಪ್ಪಣಿಗೆ ಸೇರಿಸಿಕೊಳ್ಳಿ. ವ್ಯುರ್ಟೆಂಬರ್ಗಿನ ಭಕ್ತಿಪಂಥದ ದೊಡ್ಡ ವಿದ್ವಾಂಸ ಬೆಂಗೆಲ್, ಸತ್ಯವೇದದ ಪ್ರಕಟನೆ ಪುಸ್ತಕವನ್ನು ಗುಣಿಸಿ ಭಾಗಿಸಿ, 1836ರ ಜೂನ್ 18ಕ್ಕೆ ಕ್ರಿಸ್ತನ ಸಾವಿರ ವರ್ಷದ ರಾಜ್ಯದ ಆರಂಭ ಎಂದು ಲೆಕ್ಕ ಹಾಕಿಟ್ಟಿದ್ದ. ಎರಡು ತಲೆಮಾರಿನ ಜನ ಆ ದಿನಕ್ಕೆ ಕಾದರು. ದಿನ ಬಂತು, ಹೋಯಿತು. ಮೋಗ್ಲಿಂಗ್ ಮಂಗಳೂರಿಗೆ ಬಂದಿಳಿದದ್ದು ಅದೇ ವರ್ಷ.

ಕರಾವಳಿ ಓದುಗ
ಇದನ್ನು ಶುಕ್ರವಾರ ಅಜ್ಜಿಗೆ ಓದಿ ಹೇಳುತ್ತೇನೆ. ಕುರ್ಚಿ ಈ ಸಲವೂ ಪಕ್ಕದ ಮನೆಯಿಂದಲೇ.